ಕೊಡಗಿನ ಮಳೆಯ ಬೆನ್ನು ಹತ್ತಿದ ಹಡಗುಗಳು

ಕೊಡಗಿಗೆ ಕಡಲಿಲ್ಲ. ಆದರೆ ಭಾಗಮಂಡಲದಿಂದ ಕಾಸರಗೋಡು ಜಿಲ್ಲೆಯ ಕರಾವಳಿಗೆ ಹಕ್ಕಿ ಹಾರುವ ದಾರಿ ಸುಮಾರು 50 ಕಿಲೋಮೀಟರ್ ಅಷ್ಟೆ. ಜೂನ್‌ನಲ್ಲಿ ಅರಬ್ಬಿ ಸಮುದ್ರದಿಂದ ಏಳುವ ಗಾಳಿಗೆ ಅದೊಂದು ದೂರವೇ ಅಲ್ಲ. ಬ್ರಹ್ಮಗಿರಿ, ಪುಷ್ಪಗಿರಿ ಸಾಲಿಗೆ ಬಡಿದು ಮೇಲೇರಿ, ಹೊತ್ತು ತಂದದ್ದನ್ನೆಲ್ಲ ಇಲ್ಲಿ ಸುರಿಯುತ್ತದೆ. ಸುರಿದದ್ದರಲ್ಲಿ ದೊಡ್ಡ ಪಾಲು ಕಾವೇರಿಯಾಗಿ ಮೂಡಣ ಕಡಲಿಗೆ ಹೊರಡುತ್ತದೆ. ಪಯಸ್ವಿನಿ, ಕುಮಾರಧಾರಾ, ಬಾರಪೊಳೆಗೆ ಬಿದ್ದದ್ದು ಬಂದ ಕಡಲಿಗೇ ವಾಪಸು. ನಮ್ಮ ಕಾಫಿ ತೋಟಗಳಲ್ಲಿ ಇವತ್ತಿಗೂ ಮಳೆಯನ್ನು ಇಂಚು, ಸೆಂಟಿನಲ್ಲೇ ಲೆಕ್ಕ ಹಾಕುತ್ತಾರೆ. ಹೂಮಳೆ ಎಷ್ಟು ಸೆಂಟು ಬಿತ್ತು, ಕಕ್ಕಡ ತಿಂಗಳಲ್ಲಿ ಎಷ್ಟು ಇಂಚಾಯಿತು ಎಂದು ಅಜ್ಜನ ಕಾಲದಿಂದ ಬರೆದಿಟ್ಟ ಪುಸ್ತಕಗಳು ಎಷ್ಟೋ ಮನೆಗಳಲ್ಲಿವೆ. ಅದು ನೀರು ಬಿದ್ದ ಕಡೆಯ ಲೆಕ್ಕ. ನೀರು ಎದ್ದ ಕಡೆಯ ಲೆಕ್ಕವನ್ನು ಬರೆಯುತ್ತ ಬಂದದ್ದು ಬೆರಳೆಣಿಕೆಯ ಸಂಶೋಧನಾ ಹಡಗುಗಳು.

ಬ್ರಿಟಿಷರ ಕಾಲದ ‘ಇನ್ವೆಸ್ಟಿಗೇಟರ್’ ಹಡಗಿನ ಮುಖ್ಯ ಕೆಲಸ ನಕ್ಷೆ ಮಾಡುವುದು. 1880ರ ದಶಕದಿಂದ ಅದು ನಮ್ಮ ಕಡಲುಗಳ ಆಳ ಅಳೆಯುತ್ತಿತ್ತು. ಜೊತೆಗೊಬ್ಬ ವೈದ್ಯ, ಅವನೇ ಜೀವಿಶಾಸ್ತ್ರಜ್ಞ. ಹಾಗೆ ಹೋದ ಆಲ್ಫ್ರೆಡ್ ಆಲ್ಕಾಕ್ ಬಲೆಗೆ ಸಿಕ್ಕ ಆಳದ ಮೀನು, ಏಡಿಗಳನ್ನು ವಿವರಿಸಿ 1902ರಲ್ಲಿ ಪುಸ್ತಕವನ್ನೇ ಬರೆದ. 1933-34ರಲ್ಲಿ ಈಜಿಪ್ಟಿನ ‘ಮಬಾಹಿಸ್’ ಹಡಗು ಸೀಮೋರ್ ಸೀವೆಲ್‌ನ ನೇತೃತ್ವದಲ್ಲಿ ಅರಬ್ಬಿ ಸಮುದ್ರವನ್ನು ಸುತ್ತಿತು. ಹಗ್ಗದ ತುದಿಗೆ ಗುಂಡು ಕಟ್ಟಿ ಇಳಿಬಿಡುತ್ತಿದ್ದ ಜಾಗಕ್ಕೆ ಅಷ್ಟು ಹೊತ್ತಿಗೆ ಪ್ರತಿಧ್ವನಿ ಮಾಪಕ ಬಂದಿತ್ತು. ಸದ್ದು ತಳಕ್ಕೆ ಹೋಗಿ ಮರಳುವ ಹೊತ್ತನ್ನು ಅಳೆದರೆ ಆಳ ಗೊತ್ತಾಗುತ್ತದೆ. ನೀರಿನಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 1500 ಮೀಟರ್.

ಸ್ವತಂತ್ರ ಭಾರತ ಈ ಕೆಲಸಕ್ಕೆ ಇಳಿದದ್ದು ಅಂತರರಾಷ್ಟ್ರೀಯ ಹಿಂದೂ ಮಹಾಸಾಗರ ಯಾನದಲ್ಲಿ. 1960ರ ದಶಕದ ಮೊದಲರ್ಧದಲ್ಲಿ ನಲವತ್ತಕ್ಕೂ ಹೆಚ್ಚು ಹಡಗುಗಳು ಈ ಸಾಗರವನ್ನು ಜಾಲಾಡಿದಾಗ ನಮ್ಮ ಬಳಿ ಆಳಸಮುದ್ರಕ್ಕೆ ಹೋಗಬಲ್ಲ ಸಂಶೋಧನಾ ಹಡಗೇ ಇರಲಿಲ್ಲ. ನೌಕಾಪಡೆಯ ಯುದ್ಧನೌಕೆ ಐಎನ್‌ಎಸ್ ಕಿಸ್ತ್ನಾವನ್ನೇ ಪ್ರಯೋಗಶಾಲೆ ಮಾಡಿಕೊಳ್ಳಲಾಯಿತು. ಅವತ್ತಿನ ಸಲಕರಣೆ ನ್ಯಾನ್ಸೆನ್ ಬಾಟಲಿ. ತಂತಿಯುದ್ದಕ್ಕೂ ಹಿತ್ತಾಳೆಯ ಬಾಟಲಿಗಳನ್ನು ಕಟ್ಟಿ ಇಳಿಬಿಟ್ಟು, ಮೇಲಿಂದ ಒಂದು ಲೋಹದ ತೂಕವನ್ನು ಜಾರಿಸುತ್ತಿದ್ದರು. ತೂಕ ಬಡಿದ ಕೂಡಲೇ ಮೊದಲ ಬಾಟಲಿ ತಲೆಕೆಳಗಾಗಿ ಬಾಯಿ ಮುಚ್ಚಿಕೊಂಡು, ತನ್ನ ಕೆಳಗಿನ ಬಾಟಲಿಗೆ ಇನ್ನೊಂದು ತೂಕ ಕಳಚಿಬಿಡುತ್ತಿತ್ತು. ಪಕ್ಕದಲ್ಲಿದ್ದ ಉಷ್ಣಮಾಪಕವೂ ಮಗುಚಿದಾಗ ಪಾದರಸದ ಎಳೆ ಕಡಿದು ಆ ಆಳದ ಉಷ್ಣತೆ ಹಾಗೇ ಉಳಿಯುತ್ತಿತ್ತು. ಭೂತಗನ್ನಡಿ ಹಿಡಿದು ಓದಿ, ಪುಸ್ತಕಕ್ಕೆ ಏರಿಸಿ, ತಿದ್ದುಪಡಿ ಹಾಕಬೇಕು. ಒಂದು ಸಲ ಇಳಿಸಿದರೆ ಸಿಗುತ್ತಿದ್ದದ್ದು ಹತ್ತಿಪ್ಪತ್ತು ಅಂಕಿ. ನಡುವಿನ ನೂರಾರು ಮೀಟರ್ ನೀರು ಹೇಗಿದೆ ಎಂಬುದು ಅಂದಾಜು. ಆದರೂ ಆ ಯಾನದ ಫಲವಾಗಿಯೇ 1966ರ ಜನವರಿ 1ರಂದು ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆ ಹುಟ್ಟಿತು. ಎನ್.ಕೆ. ಪಣಿಕ್ಕರ್ ಅದರ ಮೊದಲ ನಿರ್ದೇಶಕರು. ಸಂಸ್ಥೆ ಗೋವಾಕ್ಕೆ ಬಂದು ನೆಲೆಯೂರಿತು, ಹಡಗಿಗೆ ಮಾತ್ರ ಇನ್ನೂ ಹತ್ತು ವರ್ಷ ಕಾಯಬೇಕಾಯಿತು.

1976ರಲ್ಲಿ ಬಂದ ‘ಗವೇಷಣಿ’ ಹೂಳು ಸಾಗಿಸಲೆಂದು ಕೋಲ್ಕತ್ತಾದ ಗಾರ್ಡನ್ ರೀಚ್‌ನಲ್ಲಿ ಕಟ್ಟುತ್ತಿದ್ದ ದೋಣಿ. ಅದನ್ನೇ ಮಾರ್ಪಡಿಸಿ ಸಂಶೋಧನೆಗೆ ಕೊಟ್ಟರು. 1979ರ ಮಾನೆಕ್ಸ್ ಪ್ರಯೋಗದಲ್ಲಿ ಸೋವಿಯತ್ ಹಡಗುಗಳು, ಅಮೆರಿಕದ ವಿಮಾನಗಳ ಜೊತೆ ಇದೂ ಮುಂಗಾರಿನ ಬೆನ್ನು ಹತ್ತಿತು. ಆದರೆ ದಿಲ್ಲಿಯ ಕಣ್ಣು ತೆರೆಸಿದ್ದು ಮಳೆಯಲ್ಲ. 1981ರ ಜನವರಿ 26ರಂದು ಗವೇಷಣಿ ಅರಬ್ಬಿ ಸಮುದ್ರದ ತಳದಿಂದ ಮ್ಯಾಂಗನೀಸ್, ನಿಕ್ಕಲ್, ತಾಮ್ರ, ಕೋಬಾಲ್ಟ್ ಅಡಗಿದ ಕಪ್ಪು ಗಂಟುಗಳನ್ನು ಮೇಲೆತ್ತಿತು. ಅದೇ ವರ್ಷ ಕೇಂದ್ರದಲ್ಲಿ ಸಾಗರ ಅಭಿವೃದ್ಧಿ ಇಲಾಖೆ ಶುರುವಾಯಿತು. 1983ರಲ್ಲಿ ಪಶ್ಚಿಮ ಜರ್ಮನಿಯಿಂದ 100 ಮೀಟರ್ ಉದ್ದದ ‘ಸಾಗರ ಕನ್ಯಾ’, 1984ರಲ್ಲಿ ಡೆನ್ಮಾರ್ಕಿನಿಂದ ಮೀನುಗಾರಿಕೆ ಸಂಶೋಧನೆಯ ‘ಸಾಗರ ಸಂಪದಾ’ ಬಂದವು. 1987ರಲ್ಲಿ ಹಿಂದೂ ಮಹಾಸಾಗರದ ನಡುವೆ ಒಂದೂವರೆ ಲಕ್ಷ ಚದರ ಕಿಲೋಮೀಟರ್ ತಳ ಗಂಟುಗಳ ಶೋಧಕ್ಕೆಂದು ಭಾರತದ ಪಾಲಿಗೆ ದಕ್ಕಿತು. ಮಳೆ ಅಳೆಯುತ್ತೇವೆ ಎಂದಿದ್ದರೆ ಅಂಥ ಹಡಗು ಅಷ್ಟು ಬೇಗ ಸಿಗುತ್ತಿರಲಿಲ್ಲ ಎಂದೇ ನನ್ನ ಗುಮಾನಿ. ಅದಿರಿನ ಆಸೆಗೆ ಬಂದ ಹಡಗನ್ನು ಹವಾಮಾನದವರು ಚೆನ್ನಾಗಿ ಬಳಸಿಕೊಂಡರು. ಗಂಟು ಇವತ್ತಿಗೂ ತಳದಲ್ಲೇ ಇದೆ.

ಸಾಗರ ಕನ್ಯಾದ ಪೀಳಿಗೆಯ ಹಡಗುಗಳ ಮುಖ್ಯ ಉಪಕರಣ ಸಿಟಿಡಿ: ನೀರಿನ ವಿದ್ಯುದ್ವಾಹಕತೆ, ಉಷ್ಣತೆ, ಆಳ ಮೂರನ್ನೂ ಒಟ್ಟಿಗೆ ಅಳೆಯುವ ಸಾಧನ. ವಾಹಕತೆಯಿಂದ ಉಪ್ಪಿನಂಶ ಲೆಕ್ಕ ಸಿಗುತ್ತದೆ. ಆಳು ಎತ್ತರದ ಚೌಕಟ್ಟಿನ ಸುತ್ತ 12 ಅಥವಾ 24 ಬಾಟಲಿಗಳನ್ನು ಬಾಯಿ ತೆರೆದು ನಿಲ್ಲಿಸಿರುತ್ತಾರೆ. ಹಡಗು ಗೊತ್ತಾದ ಜಾಗದಲ್ಲಿ ನಿಂತ ಮೇಲೆ ವಿಂಚ್ ತಿರುಗಿ ಚೌಕಟ್ಟು ನೀರಿಗಿಳಿಯುತ್ತದೆ. ಸೆಕೆಂಡಿಗೆ ಸುಮಾರು ಒಂದು ಮೀಟರ್ ವೇಗ. 4000 ಮೀಟರ್ ಇಳಿದು ಹತ್ತುವುದಕ್ಕೆ ಎರಡು ಮೂರು ಗಂಟೆ ಬೇಕು. ಒಳಗೆ ಪರದೆಯ ಮುಂದೆ ಕೂತವರಿಗೆ ಸೆಕೆಂಡಿಗೆ 24 ಸಲ ಅಂಕಿ ಬರುತ್ತಿರುತ್ತದೆ. ಇಳಿಯುವಾಗ ಗೆರೆ ನೋಡಿ ಎಲ್ಲಿ ಏನಿದೆ ಎಂದು ಗುರುತಿಟ್ಟುಕೊಂಡು, ಹತ್ತುವಾಗ ಬೇಕಾದ ಆಳದಲ್ಲಿ ಗುಂಡಿ ಒತ್ತಿದರೆ ಒಂದೊಂದೇ ಬಾಟಲಿ ಮುಚ್ಚಿಕೊಳ್ಳುತ್ತದೆ.

ಚೌಕಟ್ಟು ಡೆಕ್ಕಿಗೆ ಬಂದ ಮೇಲಿನ ಶಿಸ್ತು ನೋಡುವಂಥದ್ದು. ಮೊದಲ ಸರದಿ ಆಕ್ಸಿಜನ್‌ನದು, ಗಾಳಿ ಸೋಕಿದರೆ ಅಂಕಿ ಕೆಡುತ್ತದೆ. ರಬ್ಬರ್ ಕೊಳವೆಯನ್ನು ಗಾಜಿನ ಶೀಶೆಯ ತಳಕ್ಕೆ ಮುಟ್ಟಿಸಿ, ಒಂದು ಗುಳ್ಳೆಯೂ ಇಲ್ಲದಂತೆ ನೀರು ಉಕ್ಕಿ ಹರಿಯಲು ಬಿಟ್ಟು, ಎರಡು ರಾಸಾಯನಿಕ ಹನಿಸಿ ಬಿರಡೆ ಹಾಕುತ್ತಾರೆ. ಆಕ್ಸಿಜನ್ ಇದ್ದರೆ ತಳದಲ್ಲಿ ಕಂದು ಗಸಿ ಕೂರುತ್ತದೆ. ಇಲ್ಲದಿದ್ದರೆ ಗಸಿ ಬಿಳಿ. 1888ರಲ್ಲಿ ವಿಂಕ್ಲರ್ ಕಂಡುಹಿಡಿದ ಈ ವಿಧಾನವನ್ನು ಇಷ್ಟೆಲ್ಲ ಎಲೆಕ್ಟ್ರಾನಿಕ್ಸ್ ಬಂದ ಮೇಲೂ ಯಾರೂ ಬಿಟ್ಟಿಲ್ಲ. ಸಂವೇದಕ ಸರಿ ಹೇಳುತ್ತಿದೆಯೇ ಎಂದು ಪರೀಕ್ಷಿಸುವುದು ಈ ಶೀಶೆಗಳಿಂದಲೇ.

ಆ ಬಿಳಿ ಗಸಿಗೂ ನಮ್ಮ ಘಟ್ಟಕ್ಕೂ ನಂಟಿದೆ. ಮುಂಗಾರು ಬೀಸುವಾಗ ಪಶ್ಚಿಮ ಕರಾವಳಿಯುದ್ದಕ್ಕೂ ಆಳದ ತಣ್ಣನೆಯ, ಆಕ್ಸಿಜನ್ ಕಡಿಮೆಯಿರುವ ನೀರು ಮೇಲೇರಿ ಬರುತ್ತದೆ. ಗಾಳಿಗೆ ಮುಖವೊಡ್ಡಿದರೆ ಅದು ಉಸಿರಾಡಿಕೊಳ್ಳಬೇಕು. ಆದರೆ ಅದೇ ಹೊತ್ತಿಗೆ ಕರಾವಳಿಯ ಮಳೆ, ಘಟ್ಟದಿಂದ ಇಳಿದ ಹೊಳೆಗಳ ಸಿಹಿನೀರು ಎಲ್ಲ ಸೇರಿ ಹಾಲಿನ ಮೇಲಿನ ಕೆನೆಯಂತೆ 5-10 ಮೀಟರ್ ದಪ್ಪದ ಪದರವಾಗಿ ಮೇಲೆ ಹರಡಿಕೊಳ್ಳುತ್ತದೆ. ಕೆಳಗಿನ ನೀರಿಗೆ ಗಾಳಿ ಸಿಗುವುದಿಲ್ಲ. ಮುಂಗಾರಿನ ಕೊನೆಗೆ ಮಂಗಳೂರು, ಕಾರವಾರ, ಗೋವಾದ ಎದುರಿನ ಆಳವಿಲ್ಲದ ಕಡಲಿನಲ್ಲೂ ತಳದ ನೀರಿನ ಆಕ್ಸಿಜನ್ ತೀರಿಹೋಗುತ್ತದೆ. ಗೋವಾ ಸಂಸ್ಥೆಯ ಎಸ್.ಡಬ್ಲ್ಯು.ಎ. ನಖ್ವಿ ಮತ್ತು ಸಂಗಡಿಗರು 2000ದಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದನ್ನು ವಿವರಿಸಿ, ಈ ನೀರಿನಿಂದ ನೈಟ್ರಸ್ ಆಕ್ಸೈಡ್ ಅನಿಲ ಹೇರಳವಾಗಿ ಹೊರಬೀಳುತ್ತಿದೆ ಎಂದು ತೋರಿಸಿದರು. ಸಂಪಾಜೆ ಕಡೆಯಿಂದ ಕೆಂಪಗೆ ಇಳಿದುಹೋಗುವ ಪಯಸ್ವಿನಿಗೂ ಆ ಪದರದಲ್ಲೊಂದು ಸಣ್ಣ ಪಾಲಿದೆ.

ಮಳೆಯನ್ನೇ ಗುರಿಯಾಗಿಟ್ಟ ಯಾನಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಹೆಸರು ಮತ್ತೆ ಮತ್ತೆ ಬರುತ್ತದೆ. ಕಡಲ ಮೇಲ್ಮೈ 28 ಡಿಗ್ರಿ ದಾಟಿದರೆ ಮೋಡ ಎತ್ತರಕ್ಕೆ ಬೆಳೆಯುವ ಸಾಧ್ಯತೆ ಒಮ್ಮೆಲೇ ಏರುತ್ತದೆ ಎಂದು ಸುಲೋಚನಾ ಗಾಡ್ಗೀಳ್, ಪಿ.ವಿ. ಜೋಸೆಫ್, ಎನ್.ವಿ. ಜೋಶಿ 1984ರಲ್ಲಿ ತೋರಿಸಿದ್ದರು. ಮೋಡ ಕವಿದು ಮಳೆ ಸುರಿದ ಮೇಲೆ ಕಡಲು ಎಷ್ಟು ತಣಿಯುತ್ತದೆ, ಎಷ್ಟು ದಿನಕ್ಕೆ ಮತ್ತೆ ಕಾಯುತ್ತದೆ ಎಂಬುದು ಮುಂದಿನ ಪ್ರಶ್ನೆ. 1999ರ ಜುಲೈ-ಆಗಸ್ಟಿನ ಬಾಬ್‌ಮೆಕ್ಸ್ ಪ್ರಯೋಗಕ್ಕೆ ಸಾಗರ ಕನ್ಯಾ ಮತ್ತು ಐಎನ್‌ಎಸ್ ಸಾಗರಧ್ವನಿ ಬಂಗಾಳ ಕೊಲ್ಲಿಗೆ ಹೋದವು. ಹಡಗಿನ ಕಬ್ಬಿಣದ ಮೈಯೇ ಬಿಸಿಲಿಗೆ ಕಾದು ಗಾಳಿಯ ಉಷ್ಣತೆಯನ್ನು ಕೆಡಿಸುವುದರಿಂದ ಮೂತಿಯಿಂದ ಮುಂದಕ್ಕೆ ಕಂಬ ಚಾಚಿ ಅದರ ತುದಿಗೆ ಉಪಕರಣ ಕಟ್ಟಬೇಕಾಯಿತು. ಜಿ.ಎಸ್. ಭಟ್ ಮತ್ತು ಜೊತೆಯವರು ಕಂಡದ್ದು ಇದು: ನದಿನೀರು ಹರಡಿರುವ ಉತ್ತರ ಕೊಲ್ಲಿ ಮಳೆಯ ನಂತರ ಕೆಲವೇ ದಿನಗಳಲ್ಲಿ ಮತ್ತೆ ಕಾದು ಮುಂದಿನ ಮೋಡಕ್ಕೆ ಸಿದ್ಧವಾಗುತ್ತದೆ.

ಕೊಲ್ಲಿಯ ಮಾತು ಕೊಡಗಿಗೇಕೆ ಎನ್ನುವವರು 2018ರ ಆಗಸ್ಟನ್ನು ನೆನೆಯಬೇಕು. ಮಕ್ಕಂದೂರು, ಜೋಡುಪಾಲ, ಮೊಣ್ಣಂಗೇರಿಯ ಗುಡ್ಡಗಳು ಜಾರಿದ ಆ ದಿನಗಳಲ್ಲಿ ಒಡಿಶಾ ಕಡೆ ವಾಯುಭಾರ ಕುಸಿತವಿತ್ತು. ಕೊಲ್ಲಿಯಲ್ಲಿ ಹುಟ್ಟುವ ಅಂಥ ಕುಸಿತ ಅರಬ್ಬಿ ಸಮುದ್ರದ ಗಾಳಿಯನ್ನು ಬಲವಾಗಿ ಎಳೆದಾಗಲೆಲ್ಲ ನಡುವೆ ಅಡ್ಡ ನಿಂತ ಘಟ್ಟ ತೋಯುತ್ತದೆ.

ಪಶ್ಚಿಮ ಕರಾವಳಿಯ ಭಾರಿ ಮಳೆಯನ್ನೇ ಹಿಡಿಯಲು ಹೊರಟ ಆರ್ಮೆಕ್ಸ್ ಪ್ರಯೋಗದ ಕಥೆ ಮಾತ್ರ ಬೇರೆ. 2002ರ ಜೂನ್‌ನಿಂದ ಹಡಗು, ಬಲೂನು, ಎಲ್ಲ ಸಜ್ಜು. ಆ ಜುಲೈನಲ್ಲಿ ದೇಶದ ಮಳೆ ವಾಡಿಕೆಯ ಸರಿಸುಮಾರು ಅರ್ಧಕ್ಕೆ ಕುಸಿಯಿತು! ಮುಂದಿನ ವರ್ಷ ಮುಂಗಾರಿಗೆ ಮೊದಲು ಕೇರಳ, ಲಕ್ಷದ್ವೀಪದ ಎದುರು ಕಡಲು ಅತಿಯಾಗಿ ಕಾಯುವ ಜಾಗವನ್ನು ಅಳೆಯಲು ಎರಡನೆಯ ಹಂತ ನಡೆಯಿತು.

2016ರ ಜೂನ್-ಜುಲೈಯಲ್ಲಿ ವಿಜ್ಞಾನ ಸಂಸ್ಥೆಯ ಪಿ.ಎನ್. ವಿನಯಚಂದ್ರನ್ ನೇತೃತ್ವದಲ್ಲಿ ‘ಸಿಂಧು ಸಾಧನಾ’ ಬಂಗಾಳ ಕೊಲ್ಲಿಯ ದಕ್ಷಿಣಕ್ಕೆ ಹೋಯಿತು. 80 ಮೀಟರ್ ಉದ್ದದ ಈ ಹಡಗು ಸೂರತ್‌ನಲ್ಲಿ ಕಟ್ಟಿದ್ದು, 2014ರಲ್ಲಿ ಗೋವಾ ಸಂಸ್ಥೆಗೆ ಸೇರಿದ್ದು. ಇಂಗ್ಲೆಂಡಿನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದವರು ತಂದ ಗ್ಲೈಡರ್‌ಗಳನ್ನು ನೀರಿಗೆ ಬಿಡಲಾಯಿತು. ಇವಕ್ಕೆ ಪ್ರೊಪೆಲ್ಲರ್ ಇಲ್ಲ; ತೇಲುವ ಶಕ್ತಿಯನ್ನು ಹೆಚ್ಚುಕಡಿಮೆ ಮಾಡಿಕೊಂಡು ರೆಕ್ಕೆಯ ಬಲದಿಂದ ಓರೆಯಾಗಿ ಮುಳುಗುತ್ತ ಏಳುತ್ತ ಸಾಗಿ, ಮೇಲೆ ಬಂದಾಗ ಉಪಗ್ರಹಕ್ಕೆ ಅಂಕಿ ಒಪ್ಪಿಸುತ್ತವೆ. ಅರಬ್ಬಿಯ ಉಪ್ಪು ಹೆಚ್ಚಿದ ನೀರು ಲಂಕೆಯನ್ನು ಬಳಸಿ ಕೊಲ್ಲಿಯೊಳಗೆ ನುಗ್ಗಿ, ಅಲ್ಲಿನ ಹಗುರ ನೀರಿನ ಅಡಿಗೆ ಹೋಗುವ ಪರಿಯನ್ನು ಆ ಯಾನ ಹತ್ತಿರದಿಂದ ಹಿಡಿಯಿತು.

ತಳದ ಕೆಲಸಕ್ಕೆ ಕೊಡಗಿನ ಪಕ್ಕದ ಬಂದರು ಮಂಗಳೂರೇ ಒಂದು ಕೇಂದ್ರ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಕಡಲು ಮತ್ತು ಕರಾವಳಿ ವಿಭಾಗದ ಮುಖ್ಯ ಕಚೇರಿ ಅಲ್ಲಿದೆ. 2013ರಲ್ಲಿ ಕೊರಿಯಾದ ಹ್ಯುಂಡೈ ಕಾರ್ಖಾನೆಯಿಂದ ಬಂದ ‘ಸಮುದ್ರ ರತ್ನಾಕರ’ ಈ ಸರ್ವೇಕ್ಷಣೆಯ ದೊಡ್ಡ ಹಡಗು. ಮಬಾಹಿಸ್ ಕಾಲದ ಮಾಪಕ ಹಡಗಿನ ನೇರ ಕೆಳಗಿನ ಒಂದು ಗೆರೆಯನ್ನಷ್ಟೇ ಅಳೆಯುತ್ತಿತ್ತು. ಇಂದಿನ ಬಹುಕಿರಣ ಸೋನಾರ್ ಬೀಸಣಿಗೆಯಾಕಾರದಲ್ಲಿ ಸದ್ದು ಹರಡಿ, ಆಳದ ಹಲವು ಪಟ್ಟು ಅಗಲದ ಪಟ್ಟಿಯನ್ನು ಒಂದೇ ಓಟದಲ್ಲಿ ನಕ್ಷೆ ಮಾಡುತ್ತದೆ. ಇನ್ನೂ ತಗ್ಗಿನ ಸ್ವರ ತಳದ ಕೆಸರಿನೊಳಕ್ಕೂ ಇಳಿದು ಪದರ ಪದರ ತೋರಿಸುತ್ತದೆ. ಭಾರ ಕಟ್ಟಿದ ಕೊಳವೆಯನ್ನು ಕೆಸರಿಗೆ ಚುಚ್ಚಿ ಎತ್ತಿದರೆ ಸಾವಿರಾರು ವರ್ಷದ ಶೇಖರಣೆ ಕೈಗೆ ಬರುತ್ತದೆ. ಆಳ ಕಡಲಿನಲ್ಲಿ ಸಾವಿರ ವರ್ಷಕ್ಕೆ ಕೂರುವ ಕೆಸರು ಕೆಲವೇ ಸೆಂಟಿಮೀಟರ್. ಅದರಲ್ಲಿರುವ ಫೊರಾಮಿನಿಫೆರಾ ಎಂಬ ಸೂಕ್ಷ್ಮಜೀವಿಗಳ ಚಿಪ್ಪನ್ನು ಎಣಿಸಿ, ಯಾವ ಕಾಲದಲ್ಲಿ ಮುಂಗಾರು ಗಾಳಿ ಬಲವಾಗಿತ್ತು, ಯಾವಾಗ ಸೊರಗಿತ್ತು ಎಂದು ಓದುತ್ತಾರೆ. ತೋಟದ ಮಳೆಪುಸ್ತಕಕ್ಕಿಂತ ಹಿಂದಿನ ದಾಖಲೆ ಬೇಕೆಂದರೆ ಅಲ್ಲಿಗೇ ಹೋಗಬೇಕು.

2008ರಲ್ಲಿ ಇಟಲಿಯಿಂದ ಬಂದ ‘ಸಾಗರ ನಿಧಿ’ ಗಾಳಿ, ಪ್ರವಾಹ ಏನೇ ಇರಲಿ, ಲಂಗರಿಲ್ಲದೆ ಒಂದೇ ಜಾಗದಲ್ಲಿ ನಿಲ್ಲಬಲ್ಲದು; ಉಪಗ್ರಹದ ಸೂಚನೆ ನೋಡಿ ಕಂಪ್ಯೂಟರೇ ಸುತ್ತಲಿನ ಪ್ರೊಪೆಲ್ಲರ್‌ಗಳನ್ನು ತಿರುಗಿಸುತ್ತಿರುತ್ತದೆ. ಕೆಳಗೆ ಕೇಬಲ್ಲಿಗೆ ಕಟ್ಟಿದ ಯಂತ್ರವಿದ್ದಾಗ ಇದು ಅನಿವಾರ್ಯ. 2010ರಲ್ಲಿ ಇದೇ ಹಡಗಿನಿಂದ ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯ ದೂರನಿಯಂತ್ರಿತ ವಾಹನ 5289 ಮೀಟರ್ ಆಳಕ್ಕಿಳಿಯಿತು. ಮೂವರನ್ನು ಹೊತ್ತು 6000 ಮೀಟರ್‌ಗೆ ಇಳಿಯಬೇಕಾದ ‘ಮತ್ಸ್ಯ 6000’ದ ಸಿದ್ಧತೆಯೂ ಅದೇ ಸಂಸ್ಥೆಯದು. ಪತ್ರಿಕೆಗಳಲ್ಲಿ ಚಿತ್ರ ಬರುವುದು ಇಂಥವಕ್ಕೆ. ಬರಲಿ, ಆದರೆ ನಮ್ಮ ಜಿಲ್ಲೆಯ ಕಣ್ಣಿಗೆ ಮೇಲಿನ 200 ಮೀಟರ್ ನೀರೇ ಹೆಚ್ಚು ಬೆಲೆಯದು.

ಆ ನೀರನ್ನು ಅಳೆಯಲು ಈಗ ಆರ್ಗೋ ತೇಲುಮಾಪಕಗಳಿವೆಯಲ್ಲ, ಹಡಗೇಕೆ ಎಂದು ಕೇಳುವವರಿದ್ದಾರೆ. ಜಗತ್ತಿನಾದ್ಯಂತ ಸುಮಾರು ನಾಲ್ಕು ಸಾವಿರ ಮಾಪಕಗಳು 1000 ಮೀಟರ್ ಆಳದಲ್ಲಿ ತೇಲುತ್ತ, ಹತ್ತು ದಿನಕ್ಕೊಮ್ಮೆ 2000 ಮೀಟರ್‌ಗೆ ಇಳಿದು ಮೇಲೇರಿ ಅಂಕಿ ಕಳಿಸುತ್ತವೆ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಭಾರತದ ಪಾಲನ್ನು ನೋಡಿಕೊಳ್ಳುತ್ತದೆ. ನಿಜವಾಗಿಯೂ ದೊಡ್ಡ ಬದಲಾವಣೆ. ಆದರೆ ಕರಾವಳಿಯ ಆಳವಿಲ್ಲದ ಕಡಲಿನಲ್ಲಿ ಅವು ಕೆಲಸ ಮಾಡುವುದಿಲ್ಲ. ಐದು ಮೀಟರ್ ದಪ್ಪದ ಸಿಹಿನೀರಿನ ಪದರ, ಅದರ ಮೇಲಿನ ಗಾಳಿಯ ತೇವ, ಶೀಶೆಯ ತಳದ ಗಸಿ ಇವ್ಯಾವುವೂ ಅವುಗಳ ಲೆಕ್ಕಕ್ಕೆ ಸಿಗುವುದಿಲ್ಲ. ಅವುಗಳ ಅಂಕಿಯನ್ನು ತಾಳೆ ನೋಡುವುದಕ್ಕೂ ಹಡಗಿನ ಸಿಟಿಡಿಯೇ ಬೇಕು.

ಹಡಗುಗಳೋ ಕೆಲವೇ ಕೆಲವು. ಸಾಗರ ಕನ್ಯಾಗೆ ನಲವತ್ತು ದಾಟಿದೆ. ಮುಂಗಾರಿನ ಅಲೆಯಲ್ಲಿ ಡೆಕ್ಕಿನ ಮೇಲೆ ನಿಲ್ಲುವುದೇ ಕಷ್ಟ, ಉಪಕರಣ ಇಳಿಸುವುದು ಇನ್ನೂ ಕಷ್ಟ. ಹಾಗಾಗಿ ನಮಗೆ ಅಂಕಿ ಅತಿ ಹೆಚ್ಚು ಬೇಕಾದ ತಿಂಗಳಲ್ಲೇ ಕೆಲಸ ಅತಿ ಕಠಿಣ. 2024ರ ಜುಲೈಯಲ್ಲಿ 89.5 ಮೀಟರ್ ಉದ್ದದ ಹೊಸ ಸಂಶೋಧನಾ ಹಡಗಿಗೆ ಕರಾರಾಯಿತು. ಕಟ್ಟುವವರು ಗವೇಷಣಿಯನ್ನು ರೂಪಿಸಿದ ಅದೇ ಗಾರ್ಡನ್ ರೀಚ್‌ನವರು, ಈ ಸಲ ಮೊದಲಿನಿಂದ ಸಂಶೋಧನೆಗೆಂದೇ. ಅದು ನೀರಿಗಿಳಿದ ಮೇಲೆ ಜೂನ್‌ನಿಂದ ಆಗಸ್ಟ್‌ವರೆಗೆ ಅದರ ಎಷ್ಟು ದಿನಗಳು ಅದಿರಿನ ಪಾಲಿಗೆ, ಎಷ್ಟು ಮಳೆಯ ಪಾಲಿಗೆ ಎಂಬುದನ್ನು ತಿಳಿಯುವ ಕುತೂಹಲ ನನಗಿದೆ.