ಡಾಂಬರಿಗೂ ಮಣ್ಣಿಗೂ ಒಂದೇ ಸೈಕಲ್: ಉಕ್ಕಿನ ಚೌಕಟ್ಟು ಮತ್ತು ಚಕ್ರದ ಅಳತೆ

ಒಂದೇ ಸವಾರಿಯಲ್ಲಿ ಹೆದ್ದಾರಿಯ ಡಾಂಬರು, ಹಳ್ಳಿಯ ಮಣ್ಣುದಾರಿ, ಕೆರೆ ಏರಿ, ಕಾಫಿ ತೋಟದ ಜಲ್ಲಿ ರಸ್ತೆಗಳನ್ನು ದಾಟಬೇಕಾದ ಸೈಕಲ್ಲಿಗೆ ಎರಡು ಗುಣಗಳು ಬೇಕು. ನಯವಾದ ರಸ್ತೆಯಲ್ಲಿ ಅದು ಭಾರವೆನಿಸಬಾರದು. ಒರಟು ನೆಲದಲ್ಲಿ ಹಿಡಿತ ತಪ್ಪಬಾರದು. ಇಂತಹ ಮಿಶ್ರ ಹಾದಿಗೆ ಉಕ್ಕಿನ ಚೌಕಟ್ಟನ್ನೇ ಆರಿಸಿಕೊಳ್ಳುವವರು ಇಂದಿಗೂ ಇದ್ದಾರೆ. ಆದರೆ ಕೊಳ್ಳುವಾಗ ಗಮನವೆಲ್ಲ ಉಕ್ಕಿನ ಹೆಸರಿನತ್ತ ಹೋಗುತ್ತದೆ. ಸವಾರಿಯ ಸುಖವನ್ನು ಅದಕ್ಕಿಂತ ಹೆಚ್ಚಾಗಿ ನಿರ್ಧರಿಸುವುದು ಆ ಚೌಕಟ್ಟಿನಲ್ಲಿ ಎಷ್ಟು ಅಗಲದ ಟೈರಿಗೆ ಜಾಗವಿದೆ ಎಂಬ ಸಂಗತಿ.

ಉಕ್ಕಿನ ಬಗೆಗಳು

ಅಗ್ಗದ ಸೈಕಲ್ಲುಗಳಲ್ಲಿ ಬಳಕೆಯಾಗುವುದು ಹೈ-ಟೆನ್ಸೈಲ್ ಎಂದು ಕರೆಯಲಾಗುವ ಇಂಗಾಲದ ಉಕ್ಕು. ಅದಕ್ಕಿಂತ ಮೇಲಿನ ದರ್ಜೆಯದು ಕ್ರೋಮೋಲಿ. 4130 ಎಂಬ ಸಂಖ್ಯೆಯಿಂದ ಗುರುತಿಸಲಾಗುವ ಈ ಮಿಶ್ರಲೋಹದಲ್ಲಿ ಸುಮಾರು ಶೇ. 1ರಷ್ಟು ಕ್ರೋಮಿಯಂ, ಶೇ. 0.2ರಷ್ಟು ಮಾಲಿಬ್ಡಿನಂ ಹಾಗೂ ಶೇ. 0.3ರಷ್ಟು ಇಂಗಾಲ ಇರುತ್ತವೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ರೆನಾಲ್ಡ್ಸ್ ಸಂಸ್ಥೆ 1935ರಲ್ಲಿ ಹೊರತಂದ ಪ್ರಸಿದ್ಧ 531 ಕೊಳವೆ ಮ್ಯಾಂಗನೀಸ್-ಮಾಲಿಬ್ಡಿನಂ ಉಕ್ಕಿನದು. ಅದೇ ಸಂಸ್ಥೆಯ 853 ಎಂಬ ಉಕ್ಕು ಬೆಸುಗೆಯ ನಂತರ ಗಾಳಿಯಲ್ಲಿ ತಣಿಯುತ್ತ ಇನ್ನಷ್ಟು ಗಟ್ಟಿಯಾಗುತ್ತದೆ.

ಈ ಎಲ್ಲ ಉಕ್ಕುಗಳ ಬಿಗುವು ಹೆಚ್ಚುಕಡಿಮೆ ಒಂದೇ, ಸಾಂದ್ರತೆಯೂ ಒಂದೇ. ವ್ಯತ್ಯಾಸವಿರುವುದು ಬಲದಲ್ಲಿ. ಬಲ ಹೆಚ್ಚಿದಷ್ಟೂ ಕೊಳವೆಯ ಗೋಡೆಯನ್ನು ತೆಳುವಾಗಿಸಲು ಸಾಧ್ಯ. ಒಳ್ಳೆಯ ಚೌಕಟ್ಟುಗಳಲ್ಲಿ ಬೆಸುಗೆ ಬೀಳುವ ತುದಿಗಳು ದಪ್ಪವಾಗಿಯೂ ನಡುಭಾಗ ತೆಳುವಾಗಿಯೂ ಇರುತ್ತವೆ. ಇದಕ್ಕೆ ಬಟೆಡ್ ಕೊಳವೆ ಎಂದು ಹೆಸರು. ತುದಿಯಲ್ಲಿ 0.8 ಮಿ.ಮೀ., ನಡುವೆ 0.5 ಮಿ.ಮೀ. ದಪ್ಪ ಇದಕ್ಕೊಂದು ಉದಾಹರಣೆ. ಇದರಿಂದ ಚೌಕಟ್ಟು ಹಗುರವಾಗುತ್ತದೆ, ತುಸು ಹೆಚ್ಚು ಬಾಗುತ್ತದೆ. ಆದರೆ ಗುಂಡಿಯ ಪೆಟ್ಟನ್ನು ಚೌಕಟ್ಟು ತಾಳಿಕೊಳ್ಳುವುದಕ್ಕಿಂತ ಎಷ್ಟೋ ಪಾಲು ಹೆಚ್ಚಾಗಿ ಟೈರಿನೊಳಗಿನ ಗಾಳಿ ತಾಳಿಕೊಳ್ಳುತ್ತದೆ.

ಉಕ್ಕಿನ ನಿಜವಾದ ಲಾಭ ಬಾಳಿಕೆ. ನಿರ್ದಿಷ್ಟ ಮಿತಿಯೊಳಗಿನ ಒತ್ತಡ ಲಕ್ಷಾಂತರ ಬಾರಿ ಬಿದ್ದರೂ ಉಕ್ಕು ದಣಿಯದು. ಅಲ್ಯೂಮಿನಿಯಂಗೆ ಅಂತಹ ಮಿತಿಯಿಲ್ಲ. ಬಿರುಕು ಬಿಟ್ಟರೆ ಉಕ್ಕನ್ನು ಬೆಸೆಯಬಹುದು. ಆದರೆ ಗೇಟು, ಕಿಟಕಿ ಬೆಸೆಯುವ ಸಾಧಾರಣ ವೆಲ್ಡಿಂಗ್‌ಗೆ 0.5 ಮಿ.ಮೀ. ಗೋಡೆ ಸುಟ್ಟು ತೂತಾಗುವ ಅಪಾಯವಿದೆ. ಕಡಿಮೆ ಶಾಖದ ಹಿತ್ತಾಳೆ ಬೆಸುಗೆ ಸುರಕ್ಷಿತ. ಮಳೆ ಹೆಚ್ಚಿರುವ ಮಲೆನಾಡು ಮತ್ತು ಕರಾವಳಿಯಲ್ಲಿ ತುಕ್ಕು ಕೊಳವೆಯ ಒಳಗಿನಿಂದಲೇ ಹಿಡಿಯುವುದುಂಟು. ಒಳಗೋಡೆಗೆ ಎಣ್ಣೆ ಸವರುವುದು, ಸೀಟಿನ ಕಂಬಕ್ಕೆ ಗ್ರೀಸ್ ಹಚ್ಚುವುದು, ನೀರು ಬಸಿಯುವ ರಂಧ್ರ ಮುಚ್ಚಿಹೋಗದಂತೆ ನೋಡಿಕೊಳ್ಳುವುದು ಅಗತ್ಯ.

ಹೆಸರು ಒಂದು, ಅಳತೆ ಹಲವು

ಚಕ್ರದ ವಿಷಯದಲ್ಲಿ ಇಂಚಿನ ಲೆಕ್ಕ ದಾರಿ ತಪ್ಪಿಸುತ್ತದೆ. 26 ಇಂಚು ಎಂಬ ಒಂದೇ ಹೆಸರಿನಲ್ಲಿ ಬೇರೆ ಬೇರೆ ರಿಮ್‌ಗಳಿವೆ. ಮೌಂಟನ್ ಬೈಕಿನ ರಿಮ್‌ನಲ್ಲಿ ಟೈರು ಕೂರುವ ವ್ಯಾಸ 559 ಮಿ.ಮೀ.; 26x1½ ಎಂದು ಬರೆದ ಟೈರಿನದು 584; 26x1⅜ರದು 590. ಒಂದರ ಟೈರು ಇನ್ನೊಂದಕ್ಕೆ ಕೂರದು. 28x1½ ಎಂಬುದು ಹಳ್ಳಿಗಳಲ್ಲಿ ಚಿರಪರಿಚಿತವಾದ ದೊಡ್ಡ ಸೈಕಲ್ಲಿನ ಅಳತೆ. ಅದರ ವ್ಯಾಸ 635. ಅನೇಕ ಬಾರಿ 28 ಎಂದೇ ಕರೆಸಿಕೊಳ್ಳುವ 700ಸಿ ಚಕ್ರದ್ದು 622. ಮೌಂಟನ್ ಬೈಕಿನ 29 ಇಂಚು ಕೂಡ ಇದೇ 622. ಆದರೆ ಹಳೆಯ 27 ಇಂಚಿನ ರಿಮ್ 630 ಮಿ.ಮೀ. ಇದ್ದು, 29ಕ್ಕಿಂತಲೂ ದೊಡ್ಡದು!

ಈ ಗೊಂದಲಕ್ಕೆ ಪರಿಹಾರ ಐಎಸ್‌ಒ 5775 ಮಾನದಂಡದ ಸಂಖ್ಯೆ. ಟೈರಿನ ಬದಿಯಲ್ಲಿ 47-584 ಎಂದಿದ್ದರೆ 47 ಮಿ.ಮೀ. ಅಗಲ, 584 ಮಿ.ಮೀ. ರಿಮ್ ವ್ಯಾಸ ಎಂದರ್ಥ.

ಯಾವ ಚಕ್ರ ಯಾರಿಗೆ?

622: ಗುಂಡಿ, ಕಲ್ಲುಗಳ ಮೇಲೆ ದೊಡ್ಡ ಚಕ್ರ ಸಲೀಸಾಗಿ ಉರುಳುತ್ತದೆ. ಟೈರಿನ ಆಯ್ಕೆಯೂ ವಿಪುಲ. ಆದರೆ ಕುಳ್ಳಗಿರುವವರ ಚಿಕ್ಕ ಚೌಕಟ್ಟಿನಲ್ಲಿ ತಿರುವಿನ ವೇಳೆ ಕಾಲ್ಬೆರಳು ಮುಂಚಕ್ರಕ್ಕೆ ತಾಗಬಹುದು.

584: 650ಬಿ ಎಂಬ ಹೆಸರಿನ ಈ ಅಳತೆ ಫ್ರಾನ್ಸಿನ ಪ್ರವಾಸಿ ಸೈಕಲ್ಲುಗಳಿಂದ ಬಂದದ್ದು. ಇದಕ್ಕೆ 47 ಮಿ.ಮೀ. ಟೈರು ಹಾಕಿದರೆ ಒಟ್ಟು ಎತ್ತರ ಸುಮಾರು 678 ಮಿ.ಮೀ. 622ರ ರಿಮ್‌ಗೆ 28 ಮಿ.ಮೀ. ಟೈರು ಹಾಕಿದಾಗಲೂ ಅಷ್ಟೇ. ಅಂದರೆ ಎತ್ತರ ಬದಲಾಗದೆ ಗಾಳಿಯ ಮೆತ್ತೆ ಹೆಚ್ಚುತ್ತದೆ.

559: ಕಡ್ಡಿಗಳು ಗಿಡ್ಡವಾದ್ದರಿಂದ ಚಕ್ರ ಬಲಿಷ್ಠ. ಹೊರೆ ಹೊತ್ತ ದೂರಪ್ರಯಾಣಕ್ಕೆ ಸೂಕ್ತ. ಜೋ ಬ್ರೀಜ್ 1977ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕ್ರೋಮೋಲಿಯಿಂದ ಕಟ್ಟಿದ ಮೌಂಟನ್ ಬೈಕಿನ ಚಕ್ರವೂ 26 ಇಂಚಿನದೇ. ಹೊಸ ಸೈಕಲ್ಲುಗಳಲ್ಲಿ ಇದರ ಬಳಕೆ ತಗ್ಗಿದೆ.

ಕೊಳ್ಳುವ ಮುನ್ನ

ಫೋರ್ಕಿನಲ್ಲಿಯೂ ಹಿಂಚಕ್ರದ ಕವಲಿನಲ್ಲಿಯೂ ಎಷ್ಟು ಅಗಲದ ಟೈರು ಹಿಡಿಯುತ್ತದೆ ಎಂದು ಮೊದಲು ಅಳೆಯಬೇಕು. ಟೈರಿನ ಎರಡೂ ಬದಿ ಕನಿಷ್ಠ 6 ಮಿ.ಮೀ. ತೆರವಿದ್ದರೆ ಕೆಸರು ಕಟ್ಟಿಕೊಳ್ಳದು. ಮಡ್‌ಗಾರ್ಡ್ ಬೇಕೆಂದರೆ ಇನ್ನೂ ಹೆಚ್ಚು ಜಾಗ ಅವಶ್ಯ.

ನಂತರದ್ದು ಬ್ರೇಕ್. ರಿಮ್ ಹಿಡಿಯುವ ಬ್ರೇಕ್ ಇದ್ದರೆ ಚಕ್ರದ ಅಳತೆಯನ್ನು ಬದಲಿಸುವುದು ಕಷ್ಟ. ಡಿಸ್ಕ್ ಬ್ರೇಕ್ ಇರುವ ಚೌಕಟ್ಟಿನಲ್ಲಿ ಜಾಗವಿದ್ದರೆ 622 ಮತ್ತು 584 ಎರಡನ್ನೂ ಬಳಸಬಹುದು. ಆಗ ಪೆಡಲ್ ನೆಲಕ್ಕೆ ಎಷ್ಟು ಹತ್ತಿರವಾಗುತ್ತದೆ ಎಂಬುದನ್ನು ಲೆಕ್ಕ ಹಾಕಬೇಕು. 40-622ರ ಬದಲು 47-584 ಹಾಕಿದರೆ ಪೆಡಲ್ ಅಚ್ಚು ಸುಮಾರು 12 ಮಿ.ಮೀ. ಕೆಳಗಿಳಿಯುತ್ತದೆ.

ಮೂರನೆಯದು ಬಿಡಿಭಾಗ. ಸಣ್ಣ ಊರಿನ ಅಂಗಡಿಯಲ್ಲಿ 584ರ ಟೈರು ಸಿಗುತ್ತದೆ ಎಂದು ನಂಬಿ ಹೊರಡುವುದು ಜಾಣತನವಲ್ಲ. ದೂರ ಹೋಗುವವರು ಮಡಚಿಡಬಹುದಾದ ಒಂದು ಟೈರು ಮತ್ತು ಎರಡು ಟ್ಯೂಬುಗಳನ್ನು ಜೊತೆಗಿರಿಸಿಕೊಳ್ಳುವುದು ಒಳಿತು.

ಇರುವ ಹಣದಲ್ಲಿ ದುಬಾರಿ ಕೊಳವೆ ಅಥವಾ ಒಳ್ಳೆಯ ಅಗಲ ಟೈರು, ಎರಡರಲ್ಲಿ ಒಂದನ್ನೇ ಆರಿಸಬೇಕಾಗಿ ಬಂದರೆ, ಸಾಧಾರಣ ಕ್ರೋಮೋಲಿ ಚೌಕಟ್ಟಿಗೆ ಒಳ್ಳೆಯ ಟೈರು ತೊಡಿಸುವುದೇ ಮೇಲು. ಮಿಶ್ರ ಹಾದಿಯಲ್ಲಿ ಸವಾರನಿಗೆ ಮೊದಲು ಅನುಭವಕ್ಕೆ ಬರುವುದು ಆ ಟೈರೇ.