ಏಳು ದಿನ ಭಾರ ಹೊರಬಾರದು

ಗಂಡಸಿನ ಆಪರೇಷನ್ನಿಗೆ ಸರ್ಕಾರಿ ಕನ್ನಡದಲ್ಲಿ 'ಪುರುಷ ಸಂತಾನಶಕ್ತಿಹರಣ ಚಿಕಿತ್ಸೆ' ಎಂದು ಹೆಸರು. 'ಹರಣ' ಎಂಬ ಮಾತು ನಮಗೆ ಪುರಾಣಗಳಿಂದ ಗೊತ್ತು. ಸೀತೆಯದಾಯಿತು, ದ್ರೌಪದಿಯ ಸೀರೆಯದಾಯಿತು. ಚಿಕಿತ್ಸೆ ಎಂದರೆ ವಾಸಿ ಮಾಡುವುದು, ಹರಣ ಎಂದರೆ ಕಿತ್ತುಕೊಳ್ಳುವುದು. ಇವೆರಡನ್ನೂ ಗಂಟು ಹಾಕಿದ ಪಂಡಿತರು ಯಾರೋ, ಗೊತ್ತಿಲ್ಲದೆಯೇ ನಿಜ ಹೇಳಿಬಿಟ್ಟಿದ್ದಾರೆ. ನಮ್ಮ ದಂಡಿಗನಹಳ್ಳಿ ಸೀಮೆಯ ಕೇರಿಗಳಲ್ಲಿ ಈ ಪದ ಯಾರ ಬಾಯಲ್ಲೂ ಇಲ್ಲ. ಅಲ್ಲಿ ಅದು ಬರೀ 'ಆಪ್ರೇಸನ್ನು'. ಈ ಎರಡು ಪದಗಳ ನಡುವೆ ಒಂದು ಚರಿತ್ರೆ ಇದೆ. ಕಥೆ, ಕವಿತೆಗಳನ್ನು ಓದುವ ದಲಿತ ವಿಮರ್ಶೆ, ಪ್ರಭುತ್ವ ನಮ್ಮ ಮೈಮೇಲೆ ಬರೆದದ್ದನ್ನೂ ಓದಬೇಕು ಎಂದು ನಾನು ನಂಬಿದ್ದೇನೆ.

ಸಂತಾನ ನಿಯಂತ್ರಣ ನಮ್ಮಲ್ಲಿ ಬಲವಂತದಿಂದ ಶುರುವಾಗಲಿಲ್ಲ. ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ಅದಕ್ಕೆಂದು ಕ್ಲಿನಿಕ್ಕುಗಳನ್ನು ತೆರೆಯಲು ಒಪ್ಪಿಗೆ ಕೊಟ್ಟಿತು. 1938ರ ನವೆಂಬರ್‌ನಲ್ಲಿ ಮುಂಬಯಿ ಶಾಸನಸಭೆಯಲ್ಲಿ ಬಾಬಾಸಾಹೇಬರ ಪಕ್ಷದ ಪಿ.ಜೆ. ರೋಹಮ್ ಸಂತಾನ ನಿಯಂತ್ರಣದ ಪರವಾಗಿ ನಿರ್ಣಯ ಮಂಡಿಸಿದರು. ಭಾಷಣವನ್ನು ಸಿದ್ಧಪಡಿಸಿದವರು ಬಾಬಾಸಾಹೇಬರೇ. ಹೆರಿಗೆಯ ನೋವು ಗಂಡಸಿನ ಪಾಲಿಗೆ ಬಂದಿದ್ದರೆ ಒಂದರ ಮೇಲೆ ಇನ್ನೊಂದು ಮಗುವಿಗೆ ಯಾವ ಗಂಡಸೂ ಒಪ್ಪುತ್ತಿರಲಿಲ್ಲ ಎಂಬುದು ಅದರೊಳಗಿನ ಒಂದು ವಾದ. ಸಭೆ ನಿರ್ಣಯವನ್ನು ಸೋಲಿಸಿತು. ನಮ್ಮ ಪರಂಪರೆಯಲ್ಲಿ ಈ ವಿಷಯ ಹೆಣ್ಣಿನ ನೋವಿನಿಂದ, ಬಡವರ ಬದುಕಿನಿಂದ ಹೊರಟಿತು ಎಂಬುದನ್ನು ಮರೆಯಬಾರದು.

1952ರಲ್ಲಿ ಭಾರತ ಕುಟುಂಬ ಯೋಜನೆಯನ್ನು ಸರ್ಕಾರಿ ಕಾರ್ಯಕ್ರಮ ಮಾಡಿಕೊಂಡಿತು. ಬರಬರುತ್ತಾ ಅದರ ಭಾಷೆ ಬದಲಾಯಿತು. ನೋವಿನ ಜಾಗಕ್ಕೆ 'ಗುರಿ' ಬಂತು, ಆಸ್ಪತ್ರೆಯ ಜಾಗಕ್ಕೆ 'ಕ್ಯಾಂಪು' ಬಂತು. 1971ರಲ್ಲಿ ಕೇರಳದ ಎರ್ನಾಕುಲಂನ ಒಂದೇ ಕ್ಯಾಂಪಿನಲ್ಲಿ 60 ಸಾವಿರಕ್ಕೂ ಹೆಚ್ಚು ಗಂಡಸರಿಗೆ ಆಪರೇಷನ್ ಆಯಿತು. ತುರ್ತು ಪರಿಸ್ಥಿತಿಯ ನಡುವೆ, 1976ರ ಏಪ್ರಿಲ್‌ನಲ್ಲಿ ಬಂದ ಜನಸಂಖ್ಯಾ ನೀತಿ ದರಪಟ್ಟಿಯನ್ನೇ ಇಟ್ಟಿತು: ಎರಡು ಮಕ್ಕಳಿದ್ದಾಗ ಮಾಡಿಸಿಕೊಂಡರೆ 150 ರೂಪಾಯಿ, ಮೂರಿದ್ದರೆ 100, ನಾಲ್ಕು ಅಥವಾ ಹೆಚ್ಚಿದ್ದರೆ 70. ಉಣ್ಣುವ ಬಾಯಿ ಹೆಚ್ಚಿದಷ್ಟೂ ಕಾಸು ಕಡಿಮೆ! 1976-77ರಲ್ಲಿ ದೇಶದ ಗುರಿ 43 ಲಕ್ಷ ಇದ್ದದ್ದು, ನಡೆದದ್ದು ಸುಮಾರು 82 ಲಕ್ಷ. ಅದರಲ್ಲಿ 62 ಲಕ್ಷದಷ್ಟು ಗಂಡಸರದು. ಆಪರೇಷನ್ನಿಗೆ ಸಂಬಂಧಿಸಿದ 1,774 ಸಾವುಗಳ ಲೆಕ್ಕವನ್ನು ಆಮೇಲೆ ಷಾ ಆಯೋಗ ಕೊಟ್ಟಿತು.

ಕರ್ನಾಟಕದಲ್ಲಿ ಅಂಥದ್ದೇನೂ ಆಗಲಿಲ್ಲ ಎನ್ನುವುದು ರೂಢಿಯ ಮಾತು. 1977ರ ಚುನಾವಣೆಯಲ್ಲಿ ಉತ್ತರ ಭಾರತದಲ್ಲಿ ನೆಲ ಕಚ್ಚಿದ ಕಾಂಗ್ರೆಸ್ಸು ಇಲ್ಲಿ 28ರಲ್ಲಿ 26 ಸ್ಥಾನ ಗೆದ್ದದ್ದನ್ನು ಅದಕ್ಕೆ ಸಾಕ್ಷಿ ಕೊಡುತ್ತಾರೆ. ನಿಜ, ಹರಿಯಾಣದ ಉತ್ತಾವರ್‌ನಲ್ಲಿ ಆದಂತೆ ಪೊಲೀಸರು ಊರನ್ನೇ ಸುತ್ತುವರಿದು ಗಂಡಸರನ್ನು ಎಳೆದೊಯ್ದ ಕಥೆಯನ್ನು ನಮ್ಮ ಸೀಮೆಯಲ್ಲಿ ನಾನು ಕೇಳಿಲ್ಲ. ಆದರೆ ಬಲವಂತಕ್ಕೆ ಲಾಠಿಯೇ ಬೇಕೆ? ಅರಸು ಕಾಲದ ಭೂಸುಧಾರಣೆ ಗೇಣಿದಾರನಿಗೆ ಭೂಮಿ ಕೊಟ್ಟಿತು. ಗೇಣಿಯೂ ಇಲ್ಲದೆ ಬರೀ ರಟ್ಟೆ ನಂಬಿದವನಿಗೆ ಅದರಲ್ಲಿ ಸಿಕ್ಕಿದ್ದು ಕಡಿಮೆ. ಅಂಥವನಿಗೆ 70 ರೂಪಾಯಿ 'ಪ್ರೋತ್ಸಾಹಧನ' ಆಗಲಾರದು. ಹಸಿದವನ ಮುಂದೆ ಇಟ್ಟ ಕಾಸು ಅದು.

ಇನ್ನು ಆಪರೇಷನ್ನಿಗೆ ಬರೋಣ. ಅದೇನೂ ದೊಡ್ಡದಲ್ಲ. ಆ ಜಾಗ ಮಾತ್ರ ಜೋಮು ಹಿಡಿಯುವಂತೆ ಸೂಜಿ ಕೊಡುತ್ತಾರೆ. ವೀರ್ಯಾಣು ಸಾಗುವ ಎರಡು ನಾಳಗಳನ್ನು ಕತ್ತರಿಸಿ ಕಟ್ಟುತ್ತಾರೆ. ಅರ್ಧ ಗಂಟೆಯೊಳಗೆ ಮುಗಿಯುತ್ತದೆ, ಅವತ್ತೇ ಮನೆಗೆ. ಬೀಜವನ್ನು ಮುಟ್ಟುವುದಿಲ್ಲ, ಹಾಗಾಗಿ ಗಂಡಸುತನ, ಆಸೆ, ರಟ್ಟೆಯ ಬಲ ಯಾವುದೂ ಹೋಗುವುದಿಲ್ಲ. ಕೆಲವು ದಿನ ನೋವು, ಬಾವು ಇರಬಹುದು. ಬಿಗಿಯಾದ ಲಂಗೋಟಿ ಕಟ್ಟಬೇಕು. ರಕ್ತ ಕಟ್ಟಿದರೆ, ಕೀವಾದರೆ, ಜ್ವರ ಬಂದರೆ ಡಾಕ್ಟರ ಹತ್ತಿರ ಹೋಗಲೇಬೇಕು. ಫಲ ಕೂಡಲೇ ಸಿಗುವುದಿಲ್ಲ. ಸುಮಾರು ಮೂರು ತಿಂಗಳು ಬೇರೆ ಉಪಾಯ ಬಳಸಿ, ವೀರ್ಯ ಪರೀಕ್ಷೆ ಮಾಡಿಸಿ ಖಾತ್ರಿ ಮಾಡಿಕೊಳ್ಳಬೇಕು. ಕೊನೆಯ ಸೂಚನೆ: ಎರಡು ದಿನ ವಿಶ್ರಾಂತಿ, ಏಳು ದಿನ ಭಾರ ಹೊರಬಾರದು.

ಈ ಕೊನೆಯ ವಾಕ್ಯದಲ್ಲೇ ಜಾತಿ ಕೂತಿದೆ. ನಮ್ಮ ಕೇರಿಯ ಹಿರಿಯರೊಬ್ಬರನ್ನು ಕೇಳಿದಾಗ ಅವರು ಅಂದದ್ದು ಇಷ್ಟೆ: "ಹೊರಬ್ಯಾಡ ಅಂದ್ರು ಕಣ್ ಮಗ. ಹೊರದಿದ್ರೆ ಹಿಟ್ಟು ಯಾರಿಕ್ತಾರೆ?" ಮೂರನೇ ದಿನಕ್ಕೇ ತೋಟದಲ್ಲಿ ತೆಂಗಿನಕಾಯಿ ಮೂಟೆ ಹೊತ್ತವನಿಗೆ ಬಾವು ಬಂದರೆ, ನೋವು ನಿಂತುಬಿಟ್ಟರೆ, ಅವನು 'ಆಪ್ರೇಸನ್ ಮಾಡ್ಸುದ್ರೆ ಸಕ್ತಿ ಹೋಯ್ತದೆ' ಅನ್ನದೆ ಇನ್ನೇನು ಅಂದಾನು? ಇದನ್ನು ಆರೋಗ್ಯ ಇಲಾಖೆಯ ಭಾಷೆ 'ಮೂಢನಂಬಿಕೆ' ಎಂದು ಕರೆಯಿತು. ನಾನು ಇದನ್ನು ಕೂಲಿಯವನ ಅನುಭವ ಎನ್ನುತ್ತೇನೆ. ಶಾಸ್ತ್ರ ಹೇಳಿದ್ದು ಸುಳ್ಳಲ್ಲ. ಆದರೆ ಆ ಶಾಸ್ತ್ರದ ಮುಂದೆ ಇದ್ದ ಮನುಷ್ಯ ಮನೆಯಲ್ಲಿ ಕೂತು ಉಣ್ಣಬಲ್ಲವನು.

ಗೋಡೆಗೋಡೆಯ ಮೇಲೆ 'ಆರತಿಗೊಬ್ಬಳು, ಕೀರ್ತಿಗೊಬ್ಬ' ಎಂದು ಬರೆದರು. ಹೊಲ ಇದ್ದವನಿಗೆ ಮಕ್ಕಳು ಕಡಿಮೆಯಾದರೆ ಭಾಗ ಆಗುವುದು ತಪ್ಪುತ್ತದೆ. ಹೊಲ ಇಲ್ಲದವನಿಗೆ ಮಗ ಎಂದರೆ ಕೂಲಿ ತರುವ ಇನ್ನೆರಡು ಕೈ, ಮುಪ್ಪಿನ ಊರುಗೋಲು. ಪಂಜಾಬಿನ ಮನುಪುರ ಎಂಬ ಹಳ್ಳಿಯನ್ನು ನೋಡಿ ಮಹಮೂದ್ ಮಮ್ದಾನಿ 1972ರಲ್ಲಿ ಬರೆದದ್ದು ಇದನ್ನೇ: ಮಕ್ಕಳು ಹೆಚ್ಚಾದದ್ದರಿಂದ ಅವರು ಬಡವರಾಗಲಿಲ್ಲ, ಬಡವರಾದ್ದರಿಂದ ಅವರಿಗೆ ಮಕ್ಕಳು ಬೇಕಾದರು.

1977ರ ನಂತರ 'ಕುಟುಂಬ ಯೋಜನೆ' ಹೋಗಿ 'ಕುಟುಂಬ ಕಲ್ಯಾಣ' ಬಂತು. ಗಂಡಸರ ಸಿಟ್ಟಿಗೆ ಹೆದರಿದ ಪ್ರಭುತ್ವ ಕತ್ತರಿಯನ್ನು ಹೆಂಗಸರ ಕಡೆ ತಿರುಗಿಸಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಿವಾಹಿತ ಹೆಂಗಸರಲ್ಲಿ ತಮ್ಮದೇ ಆಪರೇಷನ್ ಅವಲಂಬಿಸಿದವರು ನೂರಕ್ಕೆ 37.9, ಗಂಡನ ಆಪರೇಷನ್ ಅವಲಂಬಿಸಿದವರು 0.3. ಹೊಟ್ಟೆ ಕೊಯ್ಯಬೇಕಾದ ದೊಡ್ಡ ಆಪರೇಷನ್ ಅವಳಿಗೆ. ಹೊಲಿಗೆಯನ್ನೂ ಕೇಳದ ಇವತ್ತಿನ ಸಣ್ಣ ಆಪರೇಷನ್ನಿಂದ ಅವನು ದೂರ. 2014ರಲ್ಲಿ ಛತ್ತೀಸ್‌ಗಢದ ಬಿಲಾಸಪುರದ ಬಳಿ ಒಂದೇ ದಿನ 83 ಹೆಂಗಸರಿಗೆ ಕತ್ತರಿ ಹಾಕಿದ ಕ್ಯಾಂಪಿನ ನಂತರ ಸಾವುಗಳಾದವು. ಕ್ಯಾಂಪುಗಳನ್ನು ಮೂರು ವರ್ಷದೊಳಗೆ ನಿಲ್ಲಿಸಿ ಎಂದು ಸುಪ್ರೀಂ ಕೋರ್ಟು ಹೇಳಿದ್ದು 2016ರಲ್ಲಿ.

ಆಗ ಕೇರಿಯ ಹೆಂಗಸಿಗೆ ಏಳು ದಿನ ಸಿಕ್ಕಿತೆ? ನಾಟಿಗೆ, ಕಳೆಗೆ, ನೀರಿಗೆ ಅವಳೇ ಹೋದಳು. ಅವಳ ನೋವಿನ ಲೆಕ್ಕ ಯಾವ ಆಯೋಗದಲ್ಲೂ ಇಲ್ಲ, ನಮ್ಮ ಹೋರಾಟದ ಹಾಡುಗಳಲ್ಲೂ ಕಡಿಮೆ. ಹಾಗಾಗಿ ನಮ್ಮ ಬೇಡಿಕೆ ಎರಡು ಕಡೆಗೂ ಇರಬೇಕು. ಪ್ರಭುತ್ವಕ್ಕೆ: ಗುರಿಯ ಲೆಕ್ಕ ಬಿಡಿ, ವಿಶ್ರಾಂತಿಯ ಅಷ್ಟೂ ದಿನಕ್ಕೆ ಪೂರ್ತಿ ಕೂಲಿ ಕೊಡಿ, ಕೇಳಿ ಮಾಡಿ. ನಮ್ಮ ಸಂಘಟನೆಗಳ ಗಂಡಸರಿಗೆ: 1938ರಲ್ಲಿ ಬಾಬಾಸಾಹೇಬರು ಎತ್ತಿದ ಮಾತು ಶಾಸನಸಭೆಗೆ ಮಾತ್ರ ಹೇಳಿದ್ದಲ್ಲ. ಆ ಸಭೆ ಅದನ್ನು ಸೋಲಿಸಿತು. ನಾವು ಮನೆಮನೆಯಲ್ಲಿ ಅದನ್ನೇ ಸೋಲಿಸುತ್ತಾ, ಸಭೆಗಳಲ್ಲಿ ಅವರ ಫೋಟೋಗೆ ಹಾರ ಹಾಕುತ್ತಿದ್ದೇವೆ.