ಪ್ಯೂನಿನ ನೆಂಟರು

ಪಿ, ಎ, ಇ, ಓ, ಎನ್. ಪೀಯನ್. ಇಂಗ್ಲಿಷ್ ನಿಘಂಟಿನ ಮೂಲೆಯಲ್ಲಿರುವ ಈ ಪದವನ್ನು ಗ್ರೀಕ್ ಛಂದಸ್ಸು ಓದುವವರು ಬಿಟ್ಟರೆ ಬೇರೆ ಯಾರೂ ಮಾತಾಡಿಸುವುದಿಲ್ಲ. ಅದರ ‘ಎ’ ತೆಗೆದುಬಿಡಿ, ಸಾಹೇಬರ ಕೋಣೆಯ ಹೊರಗೆ ಸ್ಟೂಲಿನ ಮೇಲೆ ಕೂತ ನಮ್ಮ ಪ್ಯೂನ್ ಎದ್ದು ನಿಲ್ಲುತ್ತಾನೆ. ಆ ಪ್ಯೂನಿನ ಬಾಲಕ್ಕೆ ‘ವೈ’ ಅಂಟಿಸಿದರೆ ಪಿಯೋನಿ, ಚೀನಾದವರು ತಲೆಯ ಮೇಲೆ ಹೊತ್ತು ಮೆರೆಸಿದ ಹೂವು.

ನೋಡಲು ಒಂದೇ ಮನೆಯ ಮಕ್ಕಳು. ಆದರೆ ಪಿಯೋನಿಗೂ ಪ್ಯೂನಿಗೂ ಸಂಬಂಧವೇ ಇಲ್ಲ. ಗ್ರೀಕರ ದೇವತೆಗಳಿಗೂ ಒಬ್ಬ ವೈದ್ಯನಿದ್ದ, ಪೈಯಾನ್. ‘ಇಲಿಯಡ್’ನಲ್ಲಿ ಗಾಯಗೊಂಡ ಯುದ್ಧದೇವತೆ ಏರಿಸ್‌ಗೆ ಔಷಧಿ ಹಚ್ಚುವವನು ಅವನೇ. ಹೂವಿಗೆ ಅವನ ಹೆಸರು. ಆ ಹೆಸರು ಮುಂದೆ ಅಪೊಲೊನಿಗೂ ಸಂದಿತು, ಅಪೊಲೊನನ್ನು ಹೊಗಳುವ ಹಾಡಿಗೂ ಸಂದಿತು. ಅಂಥ ಹಾಡುಗಳ ಲಯವೇ ಪೀಯನ್: ಒಂದು ಗುರು, ಮೂರು ಲಘು. ‘ಊರಿನಲಿ’ ಅಂದು ನೋಡಿ, ಸಿಕ್ಕಿತು. ಗುರುವನ್ನು ಕೊನೆಗೆ ತಳ್ಳಿದರೆ ‘ಬರುವೆನೇ’. ಹೀಗೆ ಗುರು ಕೂರುವ ಜಾಗದ ಮೇಲೆ ಅದರಲ್ಲಿ ನಾಲ್ಕು ಬಗೆ. ಲೆಕ್ಕ ಹಾಕಿದರೆ ಐದು ಮಾತ್ರೆ. ಲಕ್ಷ್ಮೀಶನ ವಾರ್ಧಕ ಷಟ್ಪದಿ ಕೇಳಿ ಬೆಳೆದ ಕಿವಿಗೆ ಇದೇನು ಹೊಸದಲ್ಲ.

ಅರಿಸ್ಟಾಟಲ್‌ಗೆ ಇದರ ಮೇಲೆ ವಿಶೇಷ ಒಲವು. ಗದ್ಯಕ್ಕೂ ಒಂದು ಲಯ ಬೇಕು, ಆದರೆ ಅದು ಪದ್ಯದಂತೆ ಕುಣಿಯಬಾರದು, ಅದಕ್ಕೆ ಪೀಯನ್ನೇ ಸರಿ ಎಂದು ‘ರೆಟರಿಕ್’ನ ಮೂರನೆಯ ಭಾಗದಲ್ಲಿ ಹೇಳುತ್ತಾನೆ. ವಾಕ್ಯ ಶುರುವಾಗುವಾಗ ಗುರು ಮೊದಲು ಬರಲಿ, ಮುಗಿಯುವಾಗ ಕೊನೆಗೆ ಬರಲಿ. ಲಘುವಿನಲ್ಲಿ ನಿಂತರೆ ಮಾತು ಮೊಟಕಾಗಿ ಕೇಳುತ್ತದೆ ಎಂಬುದು ಅವನ ಕಾರಣ. ಕ್ರಿಯಾಪದವನ್ನು ಕೊನೆಗಿಟ್ಟು ‘ತ್ತದೆ’, ‘ತ್ತದೆ’ ಎಂದು ಲಘುವಿನಲ್ಲೇ ನಿಲ್ಲುವ ನಮ್ಮ ಗದ್ಯವನ್ನು ಕೇಳಿದ್ದರೆ ಏನನ್ನುತ್ತಿದ್ದನೋ.

ಇನ್ನು ಪ್ಯೂನ್. ಅವನದು ಲ್ಯಾಟಿನ್ನಿನ ‘ಕಾಲಿನ’ ಕುಲ. ಪೋರ್ಚುಗೀಸರ ‘ಪೆಯಾಂವ್’ ಎಂದರೆ ಕಾಲಾಳು. ಚದುರಂಗದ ಮುಂದಿನ ಸಾಲಿನ ‘ಪಾನ್’ ಇವನ ಖಾಸಾ ತಮ್ಮ. ಸೈನ್ಯದ ಮುಂದೆ ಗುದ್ದಲಿ ಹಿಡಿದು ದಾರಿ ಮಾಡುತ್ತಿದ್ದ ‘ಪಯೋನಿಯರ್’ ದಾಯಾದಿ. ಅವನೊಬ್ಬ ಮಾತ್ರ ಬಡ್ತಿ ಪಡೆದು ಸನ್ಮಾನಪತ್ರಗಳಿಗೆ ಏರಿದ. ಅಮೆರಿಕದಲ್ಲಿ ಉಳಿದ ಪ್ಯೂನಿನ ಗತಿ ಎಲ್ಲಕ್ಕಿಂತ ಕೆಟ್ಟದ್ದು. ಸಾಲ ತೀರುವವರೆಗೂ ಜಮೀನುದಾರನಿಗೆ ದುಡಿಯುವ ಜೀತದಾಳಿಗೆ ಅಲ್ಲಿ ಇದೇ ಹೆಸರು. 1867ರಲ್ಲಿ ಕಾನೂನೇ ತಂದು ಆ ಪದ್ಧತಿಯನ್ನು ನಿಷೇಧಿಸಬೇಕಾಯಿತು.

ಭೌತವಿಜ್ಞಾನದ ‘ಪಯಾನ್’ ಇವರಲ್ಲಿ ಯಾರಿಗೂ ನೆಂಟನಲ್ಲ. ಯುಕಾವಾ 1935ರಲ್ಲಿ ಊಹಿಸಿದ, 1947ರಲ್ಲಿ ಬ್ರಿಸ್ಟಲಿನಲ್ಲಿ ಪೊವೆಲ್ ತಂಡಕ್ಕೆ ಸಿಕ್ಕ ಆ ಕಣದ ಹೆಸರು ‘ಪೈ ಮೆಸಾನ್’ ಎಂಬುದರ ಮೊಟಕು, ಅಷ್ಟೆ.

ಕನ್ನಡದ ಕಚೇರಿಗಳಲ್ಲಿ ಪ್ಯೂನಿಗೆ ‘ಜವಾನ’ ಎಂದೂ ಹೆಸರು. ಹಿಂದಿಯಲ್ಲಿ ಗಡಿ ಕಾಯುವ ಜವಾನ ನಮ್ಮಲ್ಲಿ ಫೈಲು ಹೊರುತ್ತಾನೆ; ಪೋರ್ಚುಗೀಸರ ಕಾಲಾಳಿಗೆ ಆದದ್ದೇ ಪರ್ಷಿಯನ್ ಪದಕ್ಕೂ ಆಯಿತು. ಈಗ ಕೇಂದ್ರ ಸರ್ಕಾರದ ಕಾಗದಗಳಲ್ಲಿ ಅವನು ‘ಮಲ್ಟಿ ಟಾಸ್ಕಿಂಗ್ ಸ್ಟಾಫ್’, ರಾಜ್ಯದಲ್ಲಿ ‘ಡಿ ಗ್ರೂಪ್ ನೌಕರ’. ಕಾಫಿ ತರಿಸುವಾಗ ಸಾಹೇಬರು ಕೂಗುವುದು ಇವೆರಡನ್ನೂ ಅಲ್ಲ.